ಈ ಬದಿಗೆ ಏನೂ ಕೇಳಿಸುವುದಿಲ್ಲ

ಗೋಡೆಯ ಈ ಬದಿಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಕಿವಿರಾಯನಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಒಂದೇ ಸೂರಿನ ಕೆಳಗೆ ಇದ್ದುಕೊಂಡು ದೂರದ ಊರಿಗೆ ಬರೆದ ಹಾಗೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನಗಬೇಡ. ಗಂಟಲಿನ ಆಪರೇಷನ್ ಆಗಿ ಮಾತು ಹೋದ ಮೇಲೆ ನನ್ನದೆಲ್ಲ ಚೀಟಿ ವ್ಯವಹಾರ ತಾನೆ? ಚೀಟಿಯಲ್ಲಿ ‘ನೀರು’, ‘ಕಿಟಕಿ ಹಾಕಿ’, ‘ಸಾಕು’ ಇಷ್ಟು ಹಿಡಿಯುತ್ತದೆ. ಇವತ್ತು ಹೇಳಬೇಕಾದದ್ದು ಸ್ವಲ್ಪ ಉದ್ದ ಇದೆ.

ನಿನ್ನೆ ನೀನು ಬಾಗಿಲಲ್ಲಿ ನಿಂತು, “ಅತ್ತಿಗೆ, ಈಗ ಒಂಚೂರಾದ್ರೂ ಕೇಳಿಸ್ತಿದೆಯಾ? ನಿಜ ಹೇಳಿ, ದಾಕ್ಷಿಣ್ಯ ಬೇಡ” ಅಂದೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅದು ನಿಜವೇ. ಇಲ್ಲಿಗೆ ಏನೂ ಕೇಳಿಸುವುದಿಲ್ಲ. ನೀನು ಮಾಡಿದ ಹಲ್ಲಿನ ಸೆಟ್ಟು ಯಾರದೋ ಬಾಯಿಗೆ ಸರಿಯಾಗಿ ಕೂತಾಗ ಅರಳುತ್ತದಲ್ಲ, ಹಾಗೆ ನಿನ್ನ ಮುಖ ಅರಳಿತು. ನನಗೆ ಅಳು ಬಂತು. ಅದನ್ನು ನೀನು ಸಂತೋಷದ ಕಣ್ಣೀರು ಅಂದುಕೊಂಡೆ. ಅಲ್ಲಪ್ಪಾ. ನಿನ್ನ ಹಾಡು ನನಗೆ ಬೇಕಿತ್ತು. ಈಗಲೂ ಬೇಕು. ಈ ಕಾಗದದ ಸಾರ ಇಷ್ಟೇ, ಉಳಿದದ್ದೆಲ್ಲ ನೀನು ಇದನ್ನು ನಂಬಲಿ ಎಂದು ಬರೆಯುತ್ತಿರುವುದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ಹೈಸ್ಕೂಲಿನಲ್ಲಿದ್ದೆ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ರೇಡಿಯೋಕ್ಕೆ ಕಿವಿ ಅಂಟಿಸಿಕೊಂಡು ಕೂತಿರುತ್ತಿದ್ದೆ. ಕಿವಿರಾಯ ಎಂದು ನಾನೇ ಹೆಸರಿಟ್ಟೆ. ಆಮೇಲೆ ಹಲ್ಲಿನ ಡಾಕ್ಟರುಗಳಿಗೆ ಸೆಟ್ ಮಾಡಿಕೊಡುವ ಕೆಲಸ ಹಿಡಿದೆ, ಮದುವೆ ಬೇಡ ಅಂದೆ, ದುಡಿದದ್ದನ್ನೆಲ್ಲ ಎರಡು ಸ್ಪೀಕರಿಗೆ ಸುರಿದೆ. ಮಾವನವರು ಹೋದ ಮೇಲೆ ಮನೆ ಎರಡಾಯಿತು. ರಸ್ತೆ ಕಡೆಯ ಅರ್ಧ ನಿನಗೆ, ಹಿಂದಿನ ಅರ್ಧ ನಮಗೆ. ನಡುವೆ ಒಂದು ಗೋಡೆ. ಆ ಗೋಡೆಗೆ ಆಚೆಯಿಂದ ನಿನ್ನ ಸ್ಪೀಕರುಗಳು ಬೆನ್ನು ಕೊಟ್ಟವು, ಈಚೆಯಿಂದ ನನ್ನ ಕಬ್ಬಿಣದ ಮಂಚ.

ಆಗ ನಿನ್ನ ಕೋಣೆ ಹೇಗಿತ್ತು ನೆನಪಿದೆಯಾ? ಒಂದು ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿತ್ತು. ಹಾಡುವವಳು ಬಾವಿಯೊಳಗೆ ನಿಂತು ಹಾಡಿದಂತೆ ಕೇಳುತ್ತದೆ ಎಂದು ನೀನು ಗೊಣಗುತ್ತಿದ್ದೆ. ನಾನು ಆಸ್ಪತ್ರೆಯಿಂದ ಬಂದ ವಾರವೇ ನೀನು ಅದನ್ನು ಸರಿ ಮಾಡಲು ಹೊರಟೆ. ನಿನ್ನ ಸುಖಕ್ಕೆ ಮಾತ್ರ ಅಲ್ಲ, ನನಗಾಗಿ. “ಅತ್ತಿಗೆ ಮಲಗೋ ಗೋಡೆ ಅದು, ಆ ಕಡೆ ಸದ್ದು ಹೋಗಬಾರದು” ಎಂದು ಅಣ್ಣನಿಗೆ ಮಾತು ಕೊಟ್ಟೆ.

ಆಗಿನ್ನೂ ನಾನು ಓಡಾಡುತ್ತಿದ್ದೆ. ನೀನು ಕುರ್ಚಿಯಲ್ಲಿ ಕೂತೆ, ನಾನು ಮುಖ ನೋಡುವ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಜರುಗಿಸುತ್ತಾ ಹೋದೆ. ಕನ್ನಡಿಯಲ್ಲಿ ನಿನಗೆ ಸ್ಪೀಕರ್ ಕಂಡ ಕಡೆ, “ಅಲ್ಲೇ ಅತ್ತಿಗೆ, ಅಲ್ಲೇ!” ಎಂದು ಕೂಗಿದೆ. ಸದ್ದು ಆ ಜಾಗಕ್ಕೆ ಬಡಿದು ನಿನ್ನ ಕಿವಿಗೆ ಬರುತ್ತದಂತೆ, ಅಲ್ಲೇ ಮೆತ್ತೆ ಕೂರಿಸಬೇಕಂತೆ. ನಾನು ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿದೆ. ಗೋಡೆಗೆ ಅಂಗಿ ಹೊಲಿಯಲು ಅಳತೆ ತೆಗೆದ ಹಾಗಿತ್ತು. ಎಷ್ಟೋ ದಿನದ ಮೇಲೆ ನಾನು ರೋಗಿ ಎನ್ನುವುದು ಮರೆತಿದ್ದೆ.

ಮೆತ್ತೆಗಳ ಮೇಲ್ಹೊದಿಕೆ ನಾನೇ ಹೊಲಿಯುತ್ತೇನೆ ಎಂದು ಹಟ ಹಿಡಿದೆ. ಎಂಥ ಬಟ್ಟೆ ಬೇಕು ಎಂದರೆ, ಬಾಯಿಟ್ಟು ಊದಿದರೆ ಉಸಿರು ಆಚೆ ದಾಟಬೇಕು ಅಂದೆ ನೀನು. ಉಸಿರು ದಾಟಿದರೆ ಸದ್ದೂ ದಾಟಿ ಒಳಗಿನ ಮೆತ್ತೆಗೆ ಇಳಿಯುತ್ತದೆ, ಇಲ್ಲದಿದ್ದರೆ ಬಟ್ಟೆಗೇ ಬಡಿದು ವಾಪಸ್ಸು. ನನ್ನ ಉಸಿರು ಈಗ ಬಾಯಿಗೆ ಬರುವುದಿಲ್ಲ, ಕತ್ತಿನ ತೂತಿನಲ್ಲೇ ಬಂದು ಹೋಗುತ್ತದೆ. ಅದಕ್ಕೆ ನಿಮ್ಮಣ್ಣ ಸ್ಕೂಲ್ ಬಸ್ಸನ್ನು ಅಂಗಡಿ ಮುಂದೆ ನಿಲ್ಲಿಸಿ, ಖಾಕಿ ಅಂಗಿಯಲ್ಲೇ ಒಳಗೆ ಹೋಗಿ, ಒಂದೊಂದು ಥಾನಿಗೂ ಬಾಯಿಟ್ಟು ಊದುತ್ತಾ ನಿಂತರು. ಅಂಗಡಿಯವನು, “ಏನ್ ಸ್ವಾಮಿ, ಬಟ್ಟೆ ತಗೊಳ್ಳೋಕೆ ಬಂದ್ರಾ, ಒಲೆ ಊದೋಕೆ ಬಂದ್ರಾ?” ಅಂದನಂತೆ. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಕಿಟಕಿಯಲ್ಲಿ ಮುಖ ಇಟ್ಟು ಚಪ್ಪಾಳೆ ಹೊಡೆದವಂತೆ. ಅವರು ಅದನ್ನು ಅಭಿನಯಿಸಿ ತೋರಿಸಿದಾಗ ನಾನು ನಕ್ಕೆ. ನನ್ನ ನಗುವಿಗೆ ಈಗ ಸದ್ದಿಲ್ಲ, ಕತ್ತಿನ ತೂತಿಗೆ ಹಾಕಿದ ಕೊಳವೆಯಲ್ಲಿ ಸುಯ್ ಎನ್ನುತ್ತದೆ ಅಷ್ಟೆ. ಅವರಿಗೆ ಅದು ಉಬ್ಬಸ ಅನ್ನಿಸಿತು. ಗಾಬರಿಯಿಂದ ಬೆನ್ನು ತಟ್ಟಿದರು.

ಮುಂದಿನದು ನಿನಗೇ ಗೊತ್ತು. ಮೆತ್ತೆಗಳು ಗೋಡೆ ಹತ್ತಿದವು. ನಿನ್ನ ಕೋಣೆಯೊಳಗೆ ಸದ್ದು ಹದವಾಯಿತು, ಮಾತಾಡಿದರೆ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಒಳಗೆ ಕಡಿಮೆ ಕೇಳಿಸಿದ್ದರಿಂದ ಹೊರಗೂ ಕಡಿಮೆ ಹೋಗುತ್ತದೆ ಎಂದು ನೀನು ತಿಳಿದೆ. ಧೈರ್ಯ ಬಂದು ಸದ್ದಿನ ಗುಂಡಿ ಇನ್ನಷ್ಟು ತಿರುಗಿಸಿದೆ. ಆದರೆ ಆ ಮೆತ್ತೆಗಳು ಕೋಣೆಯ ಮೊಳಗನ್ನು ಹೀರುತ್ತವೆಯೇ ಹೊರತು, ಗೋಡೆ ದಾಟುವ ಸದ್ದನ್ನು ತಡೆಯುವುದಿಲ್ಲ. ಅದರಲ್ಲೂ ಕೆಳಗಿನ ದಪ್ಪ ಸ್ವರಕ್ಕೆ ಅವು ಲೆಕ್ಕಕ್ಕೇ ಇಲ್ಲ. ಅದು ಗೋಡೆಯನ್ನೇ ಅಲುಗಿಸಿಕೊಂಡು, ನನ್ನ ಮಂಚದ ಕಬ್ಬಿಣ ಹಿಡಿದುಕೊಂಡು ನನ್ನ ಬೆನ್ನಿಗೆ ಬಂತು.

ದಿನವಿಡೀ ಬಸ್ಸಿನಲ್ಲಿ ಮಕ್ಕಳ ಕಿರುಚಾಟ ಕೇಳಿ ಬರುವ ನಿಮ್ಮಣ್ಣನಿಗೆ ಅದು ತಲೆಯ ಮೇಲೆ ಕುಟ್ಟಿದ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ, ನನಗೆ ಹಿಂಸೆಯಾಗುತ್ತಿದೆ ಎಂದು ಅವರೇ ನಿರ್ಧರಿಸಿಬಿಟ್ಟರು. “ಸದ್ದು ನಿಲ್ಲಿಸ್ತೀನಿ ಅಂತ ಹೇಳಿ ಜಾಸ್ತಿ ಮಾಡಿದಾನೆ ನೋಡು, ಬೇಕಂತಲೇ!” ಎಂದು ಗೋಡೆ ಗುದ್ದಿದರು. ನೀನು ಆಚೆಯಿಂದ, ಇಷ್ಟೆಲ್ಲ ಖರ್ಚು ಮಾಡಿದರೂ ಬೆಲೆಯಿಲ್ಲವಲ್ಲ ಎಂದು ಕೂಗಿದೆ. ಅಂಗಳದಲ್ಲಿ ನಿಂತು ಒಬ್ಬರ ಮುಖಕ್ಕೊಬ್ಬರು ಬೆರಳು ತೋರಿಸಿ ಕಿತ್ತಾಡಿದಿರಿ. ಅವತ್ತಿನಿಂದ ಮಾತು ನಿಂತಿತು. ಗೇಟಿನಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುವುದು, ಒಬ್ಬರು ಚಪ್ಪಲಿ ನೋಡುವುದು. ನೀನು ಮಾತ್ರ ಹಟಕ್ಕೆ ಬಿದ್ದು ದಿನಾ ಸಂಜೆ ಹಾಡು ಹಾಕುತ್ತಿದ್ದೆ.

ನನಗೆ ಅದು ಸ್ವರ್ಗವಾಗಿತ್ತು ಕಣೋ.

ಗೋಡೆ ದಾಟಿ ಬರುತ್ತಿದ್ದದ್ದು ಹಾಡಿನ ಬುಡ ಮಾತ್ರ. ದನಿಯಿಲ್ಲ, ಸಾಹಿತ್ಯವಿಲ್ಲ, ಕೊಳಲೋ ಪಿಟೀಲೋ ಏನೂ ಇಲ್ಲ. ಧುಂ ಧುಂ ಎಂದು ಒಂದು ನಡಿಗೆ. ಆ ನಡಿಗೆಯಲ್ಲೇ ಒಂದೊಂದು ಹಾಡನ್ನೂ ಗುರುತು ಹಿಡಿದು ಹೆಸರಿಟ್ಟೆ. ಎರಡು ಹೆಜ್ಜೆ ಹಾಕಿ ಒಂದನ್ನು ಎಳೆಯುವುದು ಕುಂಟುಕಾಲಿನವನು. ಬಾಗಿಲು ಬಡಿದು, ಸ್ವಲ್ಪ ಸುಮ್ಮನಿದ್ದು, ಮತ್ತೆ ಬಡಿಯುವುದು ಪೋಸ್ಟ್‌ಮ್ಯಾನ್. ಒಂದೊಂದೇ ಮೆಟ್ಟಿಲು ಇಳಿದು ಕೆಳಗೆಲ್ಲೋ ಮಾಯವಾಗುವುದು ಮೆಟ್ಟಿಲಿಳಿಯುವವಳು. ಅವಳಲ್ಲೇ ನನಗೆ ಹೆಚ್ಚು ಪ್ರೀತಿ. ಗಂಟಲು ಕೆಂಡದಂತೆ ಉರಿಯುವಾಗ ಅವಳ ಜೊತೆ ನಾನೂ ಇಳಿಯುತ್ತಿದ್ದೆ. ಅವಳು ಕೆಳಗೆ ಮುಟ್ಟುವಷ್ಟರಲ್ಲಿ ಉರಿ ಮೇಲೆಯೇ ಉಳಿದಿರುತ್ತಿತ್ತು. ಕಪಾಟಿನ ಮೇಲೆ ನನ್ನ ಅಂಗಿ ಗುಂಡಿಗಳ ಡಬ್ಬಿ ಇದೆಯಲ್ಲ, ಯಾವುದೋ ಒಂದು ಸ್ವರಕ್ಕೆ ಮಾತ್ರ ಅದು ಜಿರ್ ಎಂದು ನಡುಗುತ್ತಿತ್ತು. ನನಗೆ ಜೊತೆಗೊಬ್ಬ ಗೆಳತಿ ತಾಳ ಹಾಕಿದ ಹಾಗೆ.

ಹೇಳಬಾರದಿತ್ತೇ ಎಂದು ಕೇಳುತ್ತೀಯ. ಹೇಳಿದೆ. ಮೊದಲನೇ ದಿನವೇ ‘ನನಗೆ ಇಷ್ಟ, ಇರಲಿ ಬಿಡಿ’ ಎಂದು ಚೀಟಿ ಬರೆದು ನಿಮ್ಮಣ್ಣನಿಗೆ ಕೊಟ್ಟೆ. ಓದಿ ಅವರ ಕಣ್ಣು ಒದ್ದೆಯಾಯಿತು. “ನಿನ್ನಂಥವಳು ಇನ್ನೇನು ಬರೀತೀಯ” ಅಂದರು. ಮತ್ತೆ ಬರೆದೆ, ‘ನಿಜವಾಗಿಯೂ’ ಎಂದು ಕೆಳಗೆ ಗೆರೆ ಎಳೆದೆ. ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ಎದ್ದು ಹೋಗಿ ಗೋಡೆಯನ್ನು ಇನ್ನೂ ಜೋರಾಗಿ ಗುದ್ದಿದರು.

ಅವರದು ತಪ್ಪಲ್ಲ. ಈ ಮನೆಯಲ್ಲಿ ನಾನು ಹೇಳಿಕೊಂಡು ಬಂದದ್ದೇ ಹಾಗೆ. ತಳ ಹತ್ತಿದ್ದು ಯಾರಿಗೂ ಬೇಡವಾದರೆ ನನಗಿಷ್ಟ. ಬಾಗಿಲ ಹತ್ತಿರದ ಗಾಳಿಯ ಜಾಗ ನನಗಿಷ್ಟ. ಅತ್ತೆಯವರು ಉಟ್ಟು ಬಿಟ್ಟ ಬಣ್ಣ ನನಗಿಷ್ಟ. ಇಷ್ಟ, ಇಷ್ಟ ಎಂದು ಎಲ್ಲರ ದಾರಿ ಸಲೀಸು ಮಾಡಿದೆ, ಎಲ್ಲರೂ ಒಳ್ಳೆಯವಳು ಅಂದರು. ಈಗ ಒಂದೇ ಒಂದು ಸಲ ನಿಜವಾಗಿ ಇಷ್ಟವಾದದ್ದನ್ನು ಇಷ್ಟ ಎಂದರೆ ಕೇಳುವವರಿಲ್ಲ. ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗದೆ ದಿಂಬಿನ ಮೇಲೆ ತೀರಿಸಿಕೊಳ್ಳುತ್ತೇನೆ.

ಆಮೇಲೆ ನಿನ್ನ ಆ ರೆಕಾರ್ಡಿಂಗ್ ಸ್ಟುಡಿಯೋ ಗೆಳೆಯ ಬಂದ. ಒಳಗಿನ ಮೊಳಗು ತೆಗೆಯುವುದು ಬೇರೆ, ಹೊರಗೆ ಹೋಗುವುದನ್ನು ತಡೆಯುವುದು ಬೇರೆ ಎಂದು ನಿನಗೆ ತಿಳಿಸಿ ಹೇಳಿದ. ಹಳೆಯ ಗೋಡೆಗೆ ಎಲ್ಲೂ ತಾಗದ ಹಾಗೆ ಇನ್ನೊಂದು ಗೋಡೆ ಎಬ್ಬಿಸಬೇಕು, ನಡುವೆ ರಾಕ್‌ವೂಲ್ ಎನ್ನುವ ಕಲ್ಲುನಾರಿನ ಹತ್ತಿ ತುಂಬಬೇಕು, ಮೇಲೆ ಭಾರದ ಬೋರ್ಡು ಎರಡು ಪದರ ಹೊಡೆಯಬೇಕು. ನಿನ್ನ ಸೊಂಟಕ್ಕೆ ಆ ಬೋರ್ಡು ಎತ್ತಲು ಆಗುವುದಿಲ್ಲ. ಒಂದನ್ನು ನೀನು ಅಂಗಳದಲ್ಲಿ ಎಳೆದಾಡುತ್ತಿರುವುದನ್ನು ನಿಮ್ಮಣ್ಣ ಕಿಟಕಿಯಿಂದ ನೋಡಿದರು. ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಹೋಗಿ ಇನ್ನೊಂದು ತುದಿ ಹಿಡಿದರು. ಎರಡನೇ ಬೋರ್ಡಿಗೆ “ಮೇಲೆ, ಮೇಲೆ ಎತ್ತು” ಅಂದರು. “ನೀನು ಬಗ್ಗಿದೀಯ ಅಣ್ಣ, ನಾನಲ್ಲ” ಅಂದೆ ನೀನು. ಅಷ್ಟು ಸಾಕಾಯಿತು.

ಆ ದಿನಗಳಷ್ಟು ನಿಮ್ಮಿಬ್ಬರನ್ನು ನಾನು ಒಟ್ಟಿಗೆ ಕಂಡದ್ದಿಲ್ಲ, ಅಂದರೆ ಕೇಳಿದ್ದಿಲ್ಲ. ಡ್ರಿಲ್ಲು, ಬೈಗುಳ, ನಗು, ಚಹಾ ಲೋಟದ ಸದ್ದು. ನಿಮ್ಮಪ್ಪನ ಗೊರಕೆಯನ್ನು ನೀನು ಅಣಕಿಸಿದ್ದು, ನಿಮ್ಮಣ್ಣ ಬಿದ್ದು ಬಿದ್ದು ನಕ್ಕದ್ದು. ಬೋರ್ಡು ಒಂದೊಂದಾಗಿ ಹತ್ತಿದ ಹಾಗೆ ಆ ನಗು ದೂರವಾಗುತ್ತಾ ಹೋಯಿತು. ಕೊನೆಯ ಬೋರ್ಡಿನ ಸ್ಕ್ರೂ ತಿರುಗಿಸುವಾಗ ನಿಮ್ಮಣ್ಣ ಏನೋ ಹೇಳುತ್ತಿದ್ದರು, ಅರ್ಧ ಮಾತಿಗೇ ನಿಂತುಹೋಯಿತು. ಅವರು ಮಾತು ಮುಗಿಸಿರಬೇಕು, ನನಗೆ ಬರಲಿಲ್ಲ.

ಪರೀಕ್ಷೆ ಮಾಡಿದ ಸಂಜೆ ನೀನು ಆಚೆ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆಯಂತೆ. ನಿಮ್ಮಣ್ಣ ಈಚೆ ಗೋಡೆಗೆ ಕಿವಿಯಿಟ್ಟು ನಿಂತರು. “ಒಂಚೂರು ಕೇಳಿಸಿದ್ರೂ ಕೈ ಎತ್ತು” ಅಂದರು ನನಗೆ. ನಾನು ಮೈಯೆಲ್ಲ ಕಿವಿಯಾಗಿ, ಅಂಗೈಯನ್ನು ಮಂಚದ ಕಂಬಿಗೆ ಒತ್ತಿ ಕಾದೆ. ಮೆಟ್ಟಿಲಿಳಿಯುವವಳು ಬರಲಿಲ್ಲ. ಡಬ್ಬಿ ನಡುಗಲಿಲ್ಲ. ನನ್ನ ಕೈ ಮೇಲೇಳಲಿಲ್ಲ. ನಿಮ್ಮಣ್ಣ ನನ್ನ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. “ಇನ್ಮೇಲಾದ್ರೂ ನೆಮ್ಮದಿಯಾಗಿರು” ಅಂದರು. ಅವರ ತಲೆ ಸವರುತ್ತಾ ನಾನು ಏನು ಬರೆಯಲಿ ಹೇಳು. ಚೀಟಿಗೆ ಕೈ ಹೋಗಲಿಲ್ಲ.

ಅಷ್ಟಿದ್ದರೆ ನನ್ನ ಕೋಣೆಗೇ ಬಂದು ಕೂತು ಕೇಳಬಹುದಲ್ಲ ಎನ್ನುತ್ತೀಯ. ನಾನಿನ್ನೂ ಎದ್ದು ಓಡಾಡುತ್ತಿದ್ದಾಗ ಒಮ್ಮೆ ನೀನು ಕರೆದೆ, ನಾನು ಬಂದೆ, ನಿನ್ನ ಒಳ್ಳೆಯ ಕುರ್ಚಿ ನನಗೆ ಬಿಟ್ಟು ನೀನು ಸ್ಟೂಲಿನ ಮೇಲೆ ಕೂತೆ. ಕಣ್ಣು ಮುಚ್ಚಿಕೊಂಡು ಕೇಳುವವನು ನೀನು. ಅವತ್ತು ಕ್ಷಣಕ್ಕೊಮ್ಮೆ ಕಣ್ಣು ಬಿಡುತ್ತಿದ್ದೆ. ನಿನ್ನ ಕೋಣೆ ಈಗ ಎಷ್ಟು ಶುದ್ಧವಾಗಿದೆ ಎಂದರೆ ಅದರಲ್ಲಿ ನನ್ನ ಕೊಳವೆಯ ಉಸಿರು ಒಂದೇ ಹೊಲಸಾಗಿ ಕೇಳಿಸುತ್ತಿತ್ತು. ಹಾಡುವವಳು ನಿಲ್ಲಿಸಿ ಉಸಿರೆಳೆದುಕೊಂಡ ಕಡೆಯೆಲ್ಲ ನಾನು ಗೊರಗುಟ್ಟಿದೆ. ನೀನು ಮುಖ ಸಿಂಡರಿಸಲಿಲ್ಲ, ಬೇಕೆಂದೇ ನಕ್ಕೆ, ಅದೇ ನನಗೆ ತಡೆಯಲಾಗಲಿಲ್ಲ. ‘ಸುಸ್ತಾಯಿತು’ ಎಂದು ಬರೆದು ಕೊಟ್ಟು ಎದ್ದು ಬಂದೆ. ಈಗಂತೂ ಮಂಚ ಬಿಟ್ಟು ಏಳುವುದೂ ಆಗುವುದಿಲ್ಲ. ಗೋಡೆಯ ಈಚೆ ಇದ್ದಾಗ ನಾನು ಕೇಳುತ್ತಿದ್ದೆ, ನಾನು ಯಾರಿಗೂ ಕೇಳಿಸುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಈಗ ಇಲ್ಲಿ ಏನು ಕೇಳಿಸುತ್ತದೆ ಗೊತ್ತಾ? ನನ್ನ ಉಸಿರು. ಅದೊಂದೇ. ಹೋಗುತ್ತದೆ, ಬರುತ್ತದೆ, ನಡುವೆ ತಡೆಯುತ್ತದೆ. ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುವುದೇ ಕೆಲಸ. ರೋಗ ಮರಳಿ ಬಂದಿದೆ ಎಂದು ಡಾಕ್ಟರು ನಿಮ್ಮಿಬ್ಬರಿಗೂ ಹೇಳಿದ್ದು ನನಗೆ ಗೊತ್ತು. ನನಗೆ ಗೊತ್ತಿಲ್ಲ ಎಂದು ನೀವು ನಟಿಸುತ್ತೀರಿ, ಗೊತ್ತಿಲ್ಲದ ಹಾಗೆ ನಾನೂ ನಟಿಸುತ್ತೇನೆ. ನಾಟಕ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ನನಗೆ ಭಯವಾಗುತ್ತದೆ ಕಿವಿರಾಯ. ಇಷ್ಟು ನಿಶ್ಶಬ್ದದಲ್ಲಿ ಸಾಯಲು ಭಯ.

ಗೋಡೆ ಒಡೆ ಎಂದು ನಾನು ಕೇಳುವುದಿಲ್ಲ. ಆ ಗೋಡೆ ಕಟ್ಟಿಯೇ ನೀವಿಬ್ಬರು ಅಣ್ಣತಮ್ಮಂದಿರಾಗಿ ಉಳಿದಿರಿ, ನಾನು ಹೋದ ಮೇಲೆ ಅವರಿಗೆ ನೀನಲ್ಲದೆ ಯಾರಿದ್ದಾರೆ? ಕೇಳುವುದು ಸಣ್ಣದು. ನನ್ನ ಮಂಚದ ಮೇಲ್ಗಡೆ, ಸೂರಿನ ಹತ್ತಿರ, ಎರಡು ಕೋಣೆಗೂ ಒಂದು ಗಾಳಿಕಿಂಡಿ ಇದೆಯಲ್ಲ. ಹೊಸ ಗೋಡೆಯಲ್ಲೂ ಅದಕ್ಕೆ ಜಾಗ ಬಿಟ್ಟು, ನಿನ್ನ ಬದಿಯಿಂದ ಮರದ ಮುಚ್ಚಳ ಮಾಡಿ, ಅಂಚಿಗೆ ರಬ್ಬರು ಅಂಟಿಸಿ ಒತ್ತಿ ಕೂರಿಸಿದ್ದೀರಿ. ಮಧ್ಯಾಹ್ನದ ಮೇಲೆ ನಿಮ್ಮಣ್ಣ ಮಕ್ಕಳನ್ನು ಮನೆಗೆ ಬಿಡಲು ಬಸ್ಸು ತೆಗೆದುಕೊಂಡು ಹೋದಾಗ, ನೀನು ಅದೊಂದನ್ನು ತೆಗೆದಿಟ್ಟು ಹಾಡು ಹಾಕು. ಅವರು ಬರುವ ಹೊತ್ತಿಗೆ ಮತ್ತೆ ಕೂರಿಸು. ಅಷ್ಟೇ. ಜೋರು ಬೇಡ. ಮೆಟ್ಟಿಲಿಳಿಯುವವಳಿಗೆ ಮೇಲೆ ಒಂದು ದನಿಯೂ ಇರಬೇಕಲ್ಲ, ಅದನ್ನೂ ಒಮ್ಮೆ ಕೇಳುತ್ತೇನೆ.

ಇದು ಒಳ್ಳೆಯತನ ಅಲ್ಲ. ನಿನ್ನ ಮನಸ್ಸು ನೋಯಬಾರದು ಎಂದು ಬರೆದದ್ದೂ ಅಲ್ಲ. ನನ್ನ ಆಸೆ. ನೀನಾದರೂ ನಂಬು. ಕೊಳವೆ ಚೊಕ್ಕಟ ಮಾಡಲು ಬರುವ ನರ್ಸಮ್ಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿಮ್ಮಣ್ಣನಿಗೆ ತೋರಿಸಬೇಡ.

ನಾಳೆ ಮಧ್ಯಾಹ್ನ ಕಾಯುತ್ತಿರುತ್ತೇನೆ.

ನಿನ್ನ,
ಅತ್ತಿಗೆ

ತಾ.ಕ.: ತಮ್ಮಾ, ಈ ಕೆಳಗಿನದು ನಾನು ಬರೆಯುತ್ತಿರುವುದು, ನಿಮ್ಮಣ್ಣ. ನರ್ಸಮ್ಮ ನಿನ್ನ ಅತ್ತಿಗೆಯ ಚೀಟಿಗಳನ್ನೆಲ್ಲ ನನ್ನ ಕೈಗೇ ಕೊಡುವುದು ರೂಢಿ, ಇದನ್ನೂ ಕೊಟ್ಟಳು. ಪೂರ್ತಿ ಓದಿದೆ. ಓದುತ್ತಾ ಕೂತು ಅತ್ತುಬಿಟ್ಟೆ. ನೋಡು ಅವಳ ಮನಸ್ಸು ಎಂಥದ್ದು. ಇಂಥ ಸ್ಥಿತಿಯಲ್ಲೂ ನಿನಗೆ ಬೇಜಾರಾಗಬಾರದು ಎಂದು ಎಷ್ಟು ಕಷ್ಟಪಟ್ಟು ಏನೇನೆಲ್ಲ ಹೊಂದಿಸಿ ಬರೆದಿದ್ದಾಳೆ. ಗಾಳಿಕಿಂಡಿಯ ವಿಷಯ ಎತ್ತಿದ್ದಾಳೆ ಎಂದರೆ ಅಲ್ಲಿಂದ ಸದ್ದು ಸೋರುತ್ತಿದೆ ಎಂದೇ ಅರ್ಥ. ನೇರವಾಗಿ ದೂರು ಹೇಳುವವಳಲ್ಲ, ಸುತ್ತಿ ಬಳಸಿ ತಿಳಿಸಿದ್ದಾಳೆ. ಮರದ ಮುಚ್ಚಳ ಸಾಲದು. ಭಾನುವಾರ ಇಟ್ಟಿಗೆ, ಸಿಮೆಂಟು ತರುತ್ತೇನೆ, ಇಬ್ಬರೂ ಸೇರಿ ಕಟ್ಟಿಯೇ ಬಿಡೋಣ. ಅಲ್ಲಿಯವರೆಗೆ ಹಾಡು ಹಾಕಬೇಡ. ಅವಳಿಗೂ ಹೇಳಿದೆ. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಏನೋ ಬರೆಯಬೇಕೆಂದು ಚೀಟಿ ಕೇಳಿದಳು. ಆಯಾಸವಾಗುತ್ತದೆ, ನನಗೆಲ್ಲ ಅರ್ಥವಾಯಿತು ಎಂದು ಹೇಳಿ ಪೆನ್ಸಿಲ್ ತೆಗೆದಿಟ್ಟಿದ್ದೇನೆ.